ಹಳೆಯ ಎಂಎಕ್ಸ್‌-5: ಮೊದಲು ಏನನ್ನು ಸರಿಪಡಿಸಬೇಕು, ಆಮೇಲೆ ಏನನ್ನು ಬದಲಾಯಿಸಬಹುದು?

ಪ್ರಶ್ನೆ, ಕೊವೆಂಟ್ರಿಯಿಂದ:

ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗಿ, ಆಮೇಲೆ ಇಂಗ್ಲೆಂಡಿಗೆ ಆಮದಾದ 1991ರ ಮಜ್ದಾ ಎಂಎಕ್ಸ್‌-5 ಕಾರೊಂದನ್ನು ಈಚೆಗೆ ಕೊಂಡಿದ್ದೇನೆ. 1.6 ಲೀಟರ್ ಎಂಜಿನ್, ಐದು ಗೇರ್, ಬಟ್ಟೆಯ ಚಾವಣಿ. ಓಡಿಸಲು ಬಹಳ ಖುಷಿಯಾಗುತ್ತದೆ, ಆದರೆ ಹಿಂದಿನ ಮಾಲೀಕರು ಕೊಟ್ಟ ರಸೀದಿಗಳಲ್ಲಿ ಹಲವು ವರ್ಷಗಳ ಲೆಕ್ಕವೇ ಸಿಗುತ್ತಿಲ್ಲ. ನನ್ನಲ್ಲಿ ಗ್ಯಾರೇಜ್ ಇಲ್ಲ, ಮನೆಯ ಮುಂದೆ ಕಾರು ನಿಲ್ಲಿಸುವ ಜಾಗವಷ್ಟೇ ಇದೆ. ಸ್ಪ್ಯಾನರ್ ಹಿಡಿದು ಮಾಡುವ ಕೆಲಸ ಬರುತ್ತದೆ, ವೆಲ್ಡಿಂಗ್ ಬಾರದು. ಮೊದಲು ಯಾವುದಕ್ಕೆ ಹಣ ಹಾಕಬೇಕು? ಕಾರನ್ನು ತಗ್ಗಿಸುವುದು, ದೊಡ್ಡ ಚಕ್ರ ಹಾಕುವುದು, ಮುಂದೆ ಎಂದಾದರೂ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಯಂತ್ರ) ಕೂರಿಸುವುದು, ಇವುಗಳಲ್ಲಿ ಯಾವುದು ಈ ಕಾರಿಗೆ ಒಪ್ಪುತ್ತದೆ? ಇಂಥ ಕಾರು ಇಟ್ಟುಕೊಂಡಿರುವ ಕನ್ನಡಿಗರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಲೆಸ್ಟರ್‌ನಿಂದ:

ಎಂಜಿನ್ನಿನ ಮಾತು ಆಮೇಲಾಗಲಿ, ಮೊದಲು ತುಕ್ಕು ನೋಡಿ. ಈ ಕಾರಿನ ಯಂತ್ರಭಾಗಗಳು ಬಹಳ ಗಟ್ಟಿ. ಬ್ರಿಟನ್ನಿನಲ್ಲಿ ಇವು ಗುಜರಿ ಸೇರುವುದು ಹೆಚ್ಚಾಗಿ ಸಿಲ್ ಕೊಳೆತದ್ದರಿಂದ, ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಾಕಾರದ ತಗಡು ಒಳಗಿನಿಂದ ತಿಂದುಹೋದದ್ದರಿಂದ. ಗಟ್ಟಿ ಚಾವಣಿಯಿಲ್ಲದ ಕಾರಿನಲ್ಲಿ ಬಿಗಿತದ ಬಹುಪಾಲು ಭಾರ ಸಿಲ್‌ಗಳ ಮೇಲೆಯೇ ಬೀಳುವುದರಿಂದ ಇದು ಅಂದಚೆಂದದ ಪ್ರಶ್ನೆಯಲ್ಲ. ಸೀಟ್ ಬೆಲ್ಟ್, ಸಸ್ಪೆನ್ಶನ್ ಮುಂತಾದವು ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ದುರ್ಬಲವಾಗಿದ್ದರೆ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಕಾರು ನಪಾಸಾಗುತ್ತದೆ.

ತುಕ್ಕು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಟ್ಟೆಯ ಚಾವಣಿಯ ಮೇಲೆ ಬಿದ್ದ ಮಳೆನೀರು ಹಿಂಬದಿಯ ಒಂದು ಪಟ್ಟಿಯ ಮೇಲೆ ಹರಿದು, ಸೀಟುಗಳ ಹಿಂದೆ ಎರಡೂ ಬದಿಯಲ್ಲಿರುವ ಕೊಳವೆಗಳ ಮೂಲಕ ಕೆಳಗಿಳಿದು, ಹಿಂಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳಬೇಕು. ಮರದಡಿ ನಿಲ್ಲಿಸುವ ಕಾರಿನಲ್ಲಿ ಎಲೆಚೂರು, ಮಣ್ಣು ಸೇರಿ ಈ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ನೀರು ಉಕ್ಕಿ ಸಿಲ್‌ನೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ನೀವು ಈ ವಾರಾಂತ್ಯವೇ ಮಾಡಬಹುದಾದ ಪರೀಕ್ಷೆ ಇಷ್ಟೇ: ಚಾವಣಿಯನ್ನು ಅರ್ಧ ಎತ್ತಿ, ಸೀಟ್ ಬೆಲ್ಟಿನ ಗೂಡಿನ ಹಿಂದೆ ಕಾಣುವ ತೂತಿಗೆ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿಯಿರಿ, ಇನ್ನೊಬ್ಬರು ಕೆಳಗೆ ಬಗ್ಗಿ ನೋಡುತ್ತಿರಲಿ. ಸುರಿದಷ್ಟೇ ವೇಗದಲ್ಲಿ ನೀರು ಹೊರಬಂದರೆ ಸರಿ. ತೊಟ್ಟಿಕ್ಕಿದರೆ, ಅಥವಾ ಬರದೇ ಹೋದರೆ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ ಮೆಲ್ಲಗೆ ಆಡಿಸಿ. ಮೇಲಿನಿಂದ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಹಳೆಯ ಕೊಳವೆ ಒಳಗೇ ಕಳಚಿಕೊಂಡರೆ ಆಮೇಲೆ ಪ್ರತಿ ಮಳೆಯೂ ನೇರವಾಗಿ ಸಿಲ್‌ಗೇ ಹೋಗುತ್ತದೆ.

ಬಳಿಕ ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್‌ನ ಹಿಂತುದಿಯ ಮೇಲೆ, ಅದು ಚಕ್ರದ ಕಮಾನಿಗೆ ಸೇರುವ ಮೂಲೆಯವರೆಗೂ ಆಡಿಸಿ. ಹಿಡಿತ ತಪ್ಪಿದ ಕಡೆ ತಗಡಿನ ಬದಲು ಫಿಲ್ಲರ್, ಅಂದರೆ ತೂತು ಮುಚ್ಚಲು ಮೆತ್ತಿದ ಲೇಪ, ಇದೆ ಎಂದರ್ಥ. ಜಪಾನಿನಿಂದ ಬಂದದ್ದು, ತುಕ್ಕೇ ಇಲ್ಲ ಎಂದು ಮಾರುವವರು ಹೇಳುವುದು ವಾಡಿಕೆ. ಹಡಗಿನಿಂದ ಇಳಿದ ದಿನದ ಮಟ್ಟಿಗೆ ಅದು ನಿಜವೂ ಇರಬಹುದು, ಆದರೆ ಆಮೇಲಿನ ಎಷ್ಟೋ ಚಳಿಗಾಲಗಳಲ್ಲಿ ಇಲ್ಲಿನ ರಸ್ತೆಗೆ ಸುರಿದ ಉಪ್ಪನ್ನು ಆ ಕಾರೂ ತಿಂದಿದೆ. ಸಿಲ್ ಗಟ್ಟಿಯಾಗಿದ್ದರೆ, ಬೇಸಿಗೆಯಲ್ಲಿ ನಾಲ್ಕು ದಿನ ಚೆನ್ನಾಗಿ ಒಣಗಿದ ಮೇಲೆ ಒಳಭಾಗಕ್ಕೆ ತುಕ್ಕು ತಡೆಯುವ ಮೇಣವಾದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಒದ್ದೆಯ ಮೇಲೆ ವ್ಯಾಕ್ಸ್ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಸಿಲ್ ಹೋಗಿದ್ದರೆ ನಿಮ್ಮ ಈ ವರ್ಷದ ಹಣವೆಲ್ಲ ಅದಕ್ಕೇ ಮೀಸಲು. ಟರ್ಬೊ ಮಾತು ಬಿಡಿ.

ಡರ್ಬಿಯಿಂದ:

ಸಿಲ್ ವಿಷಯದಲ್ಲಿ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಎಂಜಿನ್ ವಿಷಯಕ್ಕೆ ಬಂದರೆ, 1991ರ ಕಾರು ಎಂದಾಗ ನನಗೆ ಮೊದಲು ನೆನಪಾಗುವುದು ಎಂಜಿನ್ನಿನ ಮುಖ್ಯ ತಿರುಗುದಂಡದ ಮುಂತುದಿ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಮೂತಿ. 1989ರಿಂದ ಸುಮಾರು 1991ರ ಮಧ್ಯದವರೆಗೆ ತಯಾರಾದ 1.6 ಎಂಜಿನ್‌ಗಳಲ್ಲಿ ಈ ಮೂತಿ ಗಿಡ್ಡ. ಮುಂದಿನ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಕೀಲಿ ಕೂರುವ ತೋಡು ಸವೆದು, ಪುಲ್ಲಿ ಓಲಾಡತೊಡಗಿ, ಟೈಮಿಂಗ್ ಹಿಂದೆ ಬಿದ್ದು, ಕೊನೆಗೆ ಶಾಫ್ಟೇ ಹಾಳಾಗುತ್ತದೆ. ಬಾನೆಟ್ ತೆಗೆದು ಕೆಳಗಿನ ಪುಲ್ಲಿಯ ಹಿಂದಿರುವ ಬಾಸ್ (ನಡುವಿನ ಉಬ್ಬು ಭಾಗ) ಮೇಲೆ ಟಾರ್ಚ್ ಬಿಟ್ಟು ನೋಡಿ: ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಆಮೇಲಿನ ಉದ್ದ ಮೂತಿ. ಎಂಜಿನ್ ಓಡುತ್ತಿರುವಾಗ ಪುಲ್ಲಿ ಅತ್ತಿತ್ತ ಆಡದೆ ನೇರವಾಗಿ ತಿರುಗಬೇಕು. ಗಿಡ್ಡ ಮೂತಿ ಎಂದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಸರಿಯಾಗಿ ಜೋಡಿಸಿದವು ಇಂದಿಗೂ ಓಡುತ್ತಿವೆ. ಆದರೆ ಆ ಬೋಲ್ಟ್ ಬಿಚ್ಚಿದವರು ಹೊಸ ಬೋಲ್ಟನ್ನೇ ಹಾಕಬೇಕು. ಎರಡು ಬಗೆಗೂ ಬಿಗಿತದ (ಟಾರ್ಕ್) ಅಳತೆ ಬೇರೆಬೇರೆಯಾದ್ದರಿಂದ ಕೈಪಿಡಿಯಲ್ಲಿ ಸರಿಯಾದ ಸಾಲನ್ನೇ ಓದಬೇಕು.

ವಾಲ್ವ್‌ಗಳನ್ನು ಕ್ರ್ಯಾಂಕ್ ಜೊತೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸುವ ಅವಧಿ 60,000 ಮೈಲಿ, ಅಂದರೆ ಸುಮಾರು ಒಂದು ಲಕ್ಷ ಕಿಲೋಮೀಟರ್. ನಿಮ್ಮದು ಆಮದಾದ ಕಾರಾದ್ದರಿಂದ ಮೀಟರಿನ ಅಂಕಿಯಲ್ಲಿ ಮೊದಲರ್ಧ ಕಿಲೋಮೀಟರ್, ಉಳಿದರ್ಧ ಮೈಲಿ ಆಗಿರುವ ಸಾಧ್ಯತೆಯೂ ಇದೆ. ರಸೀದಿ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿಯಿರಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುವುದಿಲ್ಲ ಎಂಬುದು ನೆಮ್ಮದಿಯ ಸಂಗತಿ, ಆದರೆ ಅದಕ್ಕಾಗಿ ಮುಂದೂಡಬೇಡಿ. ಅಷ್ಟೆಲ್ಲ ಬಿಚ್ಚಿದಾಗ ನೀರಿನ ಪಂಪ್, ಟೆನ್ಶನರ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್‌ಗಳನ್ನು ಒಟ್ಟಿಗೇ ಬದಲಾಯಿಸುವುದು ಲೇಸು.

ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಗಾಬರಿಯಾಗಿ ಹೆಡ್ ಗ್ಯಾಸ್ಕೆಟ್‌ಗೆ ಖರ್ಚು ಮಾಡಬೇಡಿ. ಹತ್ತರಲ್ಲಿ ಒಂಬತ್ತು ಸಲ ಅದು ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಓ-ರಿಂಗ್ ಎಂಬ ರಬ್ಬರ್ ಬಳೆ, ಬಿಡಿಗಾಸಿನ ಸಾಮಾನು. ಆದರೆ ಆ ಸೆನ್ಸರನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಸೂಜಿಯಿಂದ ಗೀರು ಹಾಕಿ ಗುರುತಿಟ್ಟುಕೊಳ್ಳಿ. ಮರುಜೋಡಿಸಿದ ಮೇಲೆ ಬಾನೆಟ್ ಒಳಗಿನ ಡಯಾಗ್ನಾಸ್ಟಿಕ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂಬ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿ, ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿ ಇದೆಯೇ ಎಂದು ನೋಡಿ. ಬೆಳಗಿನ ಹೊತ್ತು ಟಿಕ್‌ಟಿಕ್ ಸದ್ದು ಬಂದರೆ ಅದು ವಾಲ್ವ್ ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳದ್ದು. ಎಂಜಿನ್ ಎಣ್ಣೆಯನ್ನು ಎರಡು ಸಲ ಬೇಗಬೇಗ ಬದಲಾಯಿಸಿದರೆ ಬಹುತೇಕ ಅಡಗುತ್ತದೆ, ಅಡಗದಿದ್ದರೂ ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ಕ್ಲಚ್ ಒತ್ತಿದರೂ ಮೊದಲ ಗೇರ್ ಬೀಳದೆ ತಕರಾರು ಮಾಡಿದರೆ ಗೇರ್‌ಬಾಕ್ಸನ್ನು ಬೈಯುವ ಮೊದಲು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಒಳಗೆ ಒದ್ದೆಯಾಗಿದ್ದರೆ ಸಿಲಿಂಡರ್ ಸೋರುತ್ತಿದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಅದನ್ನು ಬದಲಾಯಿಸಿ, ಅಲ್ಲಿನ ಪುಟ್ಟ ಗೂಡಿಗೆ ಹೊಸ ಎಣ್ಣೆ ತುಂಬಿ. ಆ ಒಂದು ಮಧ್ಯಾಹ್ನದ ಕೆಲಸದಿಂದ ಗೇರ್ ಹಾಕುವ ಸುಖ ಎಷ್ಟು ಮರಳುತ್ತದೆ ಎಂಬುದು ಮಾಡಿದವರಿಗೇ ಗೊತ್ತು.

ನಾರ್ವಿಚ್‌ನಿಂದ:

ಎರಡೇ ಮಾತು. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಅನಿಲ ಹೊರಹೋಗಲು ಕೊಳವೆಗಳಿವೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳವೆ ಜೋಡಿಸಲಾಗದ ಸಾಮಾನ್ಯ ಬ್ಯಾಟರಿ ಇಟ್ಟರೆ ಆಮ್ಲದ ಆವಿಯಿಂದ ಡಿಕ್ಕಿಯ ತಳ ತುಕ್ಕು ಹಿಡಿಯುತ್ತದೆ. ಇನ್ನು, ಹಿಂಬದಿಯ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಚಾವಣಿ ಇಳಿಸುವ ಮೊದಲು ಜಿಪ್ ತೆಗೆದು ಅದನ್ನು ಚಪ್ಪಟೆಯಾಗಿ ಮಲಗಿಸಿ. ಚಳಿಯಲ್ಲಿ ಹಾಗೆಯೇ ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ.

ಬ್ರಿಸ್ಟಲ್‌ನಿಂದ:

ಮಾರ್ಪಾಡಿನ ಪ್ರಶ್ನೆಗೆ ಉತ್ತರಿಸುತ್ತೇನೆ. ನಿಮ್ಮ ಕಾರಿನ ತೂಕ ಸುಮಾರು 950 ಕಿಲೋ. ನಾಲ್ಕೂ ಮೂಲೆಗಳಲ್ಲಿ ಎರಡೆರಡು ತೋಳುಗಳ ಡಬಲ್ ವಿಶ್‌ಬೋನ್ ಸಸ್ಪೆನ್ಶನ್, ಗೇರ್‌ಬಾಕ್ಸನ್ನು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಬಿಗಿಯಾಗಿ ಕೂಡಿಸುವ ಅಲ್ಯೂಮಿನಿಯಂ ಚೌಕಟ್ಟು, ತೂಕ ಹಂಚಿಕೆಗಾಗಿ ಡಿಕ್ಕಿಗೆ ಹೋದ ಬ್ಯಾಟರಿ, ಇದೆಲ್ಲವೂ 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಈ ಕಾರು ಕಾಣಿಸಿಕೊಂಡಾಗಲೇ ಇತ್ತು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಮೊದಲ ಮಾರ್ಪಾಡು ಎಂದರೆ ಮೂವತ್ತು ವರ್ಷ ದಾಟಿದ ರಬ್ಬರನ್ನು, ಅಂದರೆ ಸಸ್ಪೆನ್ಶನ್ ತೋಳುಗಳ ಕೀಲುಗಳಲ್ಲಿರುವ ಬುಷ್‌ಗಳನ್ನು, ಡ್ಯಾಂಪರ್‌ಗಳ (ಶಾಕ್ ಅಬ್ಸಾರ್ಬರ್) ಮೇಲ್ತುದಿಯ ಮೌಂಟ್‌ಗಳನ್ನು ಮತ್ತು ಸಸ್ಪೆನ್ಶನ್ ತಳ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್‌ಗಳನ್ನು ಹೊಸದಾಗಿಸುವುದು. ಹೊಸ ರಬ್ಬರಿನ ಮೇಲೆ ಓಡುವ ಹಳೆಯ ಎಂಎಕ್ಸ್‌-5 ಹೇಗಿರುತ್ತದೆ ಎಂಬುದನ್ನು ನೋಡದೆಯೇ ಜನ ದುಬಾರಿ ಸ್ಪ್ರಿಂಗ್ ಕೊಳ್ಳುತ್ತಾರೆ.

ಈ ಕೆಲಸಕ್ಕೆ ಅಡ್ಡಬರುವುದು ಬೋಲ್ಟ್‌ಗಳು. ಚಕ್ರದ ಕೋನವನ್ನು ಹೊಂದಿಸಲು ಕೆಳತೋಳುಗಳ ಒಳತುದಿಯಲ್ಲಿ ವಿಕೇಂದ್ರ ಬಿಲ್ಲೆಯಿರುವ ಉದ್ದ ಬೋಲ್ಟ್‌ಗಳಿವೆ. ಇಲ್ಲಿನ ಉಪ್ಪಿನಲ್ಲಿ ಅವು ಬುಷ್‌ನ ಉಕ್ಕಿನ ಒಳಕೊಳವೆಗೆ ಬೆಸೆದುಕೊಂಡು ಅಲುಗಾಡುವುದಿಲ್ಲ. ನಟ್ ಬಿಚ್ಚಿದ ಮಾತ್ರಕ್ಕೆ ಗೆದ್ದಂತಲ್ಲ, ಬೋಲ್ಟಿನ ತಲೆ ತಿರುಗಿದಾಗ ಬಿಲ್ಲೆಯೂ ತಿರುಗುತ್ತಿದೆಯೇ ಎಂದು ನೋಡಬೇಕು. ತಿರುಗದಿದ್ದರೆ ಯಾವ ಗ್ಯಾರೇಜಿನಲ್ಲೂ ಅಲೈನ್‌ಮೆಂಟ್ ಆಗದು, ಕತ್ತರಿಸಿಯೇ ತೆಗೆಯಬೇಕು. ಒಂದು ವಾರ ಮುಂಚಿನಿಂದ ದಿನಾ ಪೆನೆಟ್ರೇಟಿಂಗ್ ಆಯಿಲ್ ಹಾಕಿ, ಹೊಸ ಬೋಲ್ಟ್‌ಗಳನ್ನು ಮೊದಲೇ ತರಿಸಿಟ್ಟುಕೊಂಡು, ಜೋಡಿಸುವಾಗ ಕಾಪರ್ ಗ್ರೀಸ್ ಹಚ್ಚಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಬಿಗಿತಕ್ಕೆ ತರುವುದು ಕಾರು ತನ್ನ ಚಕ್ರಗಳ ಮೇಲೆ ನಿಂತಾಗ ಮಾತ್ರ. ಜಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಾರನ್ನು ತಗ್ಗಿಸುವುದಾದರೆ ಸ್ವಲ್ಪವೇ ತಗ್ಗಿಸಿ. ಇದರ ಸಸ್ಪೆನ್ಶನ್ನಿಗೆ ಮೊದಲೇ ಓಡಾಟದ ಜಾಗ ಕಡಿಮೆ. ಬರೇ ಗಿಡ್ಡ ಸ್ಪ್ರಿಂಗ್ ಹಾಕಿ ತಗ್ಗಿಸಿದವರು ಪ್ರತಿ ಗುಂಡಿಯಲ್ಲೂ ಬಂಪ್ ಸ್ಟಾಪಿನ ಮೇಲೆ ಕೂತು, ಸಸ್ಪೆನ್ಶನ್ ಗಟ್ಟಿಯಾಗಿದೆ ಎಂದು ಹೆಮ್ಮೆಪಡುತ್ತಾರೆ. ಚಕ್ರ ದೊಡ್ಡದಾದರೆ ಸಾಮಾನ್ಯವಾಗಿ ತೂಕವೂ ಹೆಚ್ಚುತ್ತದೆ, ಸ್ಟಿಯರಿಂಗಿನ ಚುರುಕು ಕುಂದುತ್ತದೆ. ಮೂಲದ 14 ಇಂಚಿನ ಹಗುರ ಚಕ್ರ, 185/60 ಅಳತೆಯ ಒಳ್ಳೆಯ ಟೈರ್, ಕಂಪನಿ ಹೇಳಿದ 26 ಪಿಎಸ್‌ಐ ಗಾಳಿ, ಇಷ್ಟರಲ್ಲಿ ಈ ಕಾರು ಅತ್ಯಂತ ಚೆನ್ನಾಗಿ ತಿರುಗುತ್ತದೆ. ಟೈರ್ ಅಂಗಡಿಯವರು ಅಭ್ಯಾಸಬಲದಿಂದ 32 ತುಂಬಿ ಕಳಿಸುತ್ತಾರೆ, ಮನೆಗೆ ಬಂದು ಇಳಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಕೇಬಲ್ ಎಳೆಯುವ ಬದಲು ಹಿಂದಿನ ಕ್ಯಾಲಿಪರಿನ ಬೋಲ್ಟ್ ಮುಚ್ಚಳ ತೆಗೆದು, ಒಳಗಿನ 4 ಮಿಲಿಮೀಟರ್ ಆ್ಯಲನ್ ಸ್ಕ್ರೂವನ್ನು ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ.

ಟರ್ಬೊ ಬೇಡ ಎಂಬುದು ನನ್ನ ಸ್ಪಷ್ಟ ಮತ.

ಸ್ಯಾನ್ ಹೋಸೆಯಿಂದ:

ಇಲ್ಲಿ ಈ ಕಾರು ಮಿಯಾಟಾ ಎಂದೇ ಪರಿಚಿತ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಉಪ್ಪಿಲ್ಲ, ಹಾಗಾಗಿ ನಮ್ಮ ಶತ್ರು ತುಕ್ಕಲ್ಲ, ಬಿಸಿಲು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡಿ. ಕಪ್ಪು ಹೋಗಿ ಕಂದು ಅಥವಾ ಹಸಿರುಮಿಶ್ರಿತ ಹಳದಿ ಬಂದಿದ್ದರೆ ಅದು ಬಿರಿಯುವ ದಿನ ದೂರವಿಲ್ಲ. ಇದು ಕೊವೆಂಟ್ರಿಯ ಕಾರಿಗೂ ಅನ್ವಯಿಸುತ್ತದೆ.

ಟರ್ಬೊ ಬಗ್ಗೆ ಬ್ರಿಸ್ಟಲ್‌ನವರಷ್ಟು ಕಟುವಾಗಿ ಹೇಳಲಾರೆ. ನನ್ನ ಕಾರಿನಲ್ಲಿ ಟರ್ಬೊ ಇದೆ, ಸಾಧಾರಣ ಬೂಸ್ಟಿನಲ್ಲಿ (ಟರ್ಬೊ ತಳ್ಳುವ ಗಾಳಿಯ ಒತ್ತಡದಲ್ಲಿ) ಎಂಜಿನ್ ಚೆನ್ನಾಗಿಯೇ ತಾಳಿಕೊಂಡಿದೆ. ಆದರೆ ಖರ್ಚು ಟರ್ಬೊಗೆ ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. 1.6 ಕಾರಿನ ಡಿಫರೆನ್ಷಿಯಲ್ ಚಿಕ್ಕದು, ಹೆಚ್ಚಿನ ಟಾರ್ಕ್ ತಡೆಯದು, 1.8 ಕಾರಿನ ದೊಡ್ಡ ಡಿಫರೆನ್ಷಿಯಲ್ ತಂದರೆ ಅದರ ಜೊತೆಗೆ ಆ್ಯಕ್ಸಲ್‌ಗಳೂ ಬರಬೇಕು. ಗಾಳಿಯನ್ನು ಅಳೆಯುವ ಹಳೆಯ ರೆಕ್ಕೆ ಮಾದರಿಯ ಮೀಟರ್ ಬದಲಿಗೆ ಪ್ರೋಗ್ರಾಂ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ದೊಡ್ಡ ಇಂಜೆಕ್ಟರ್, ಗಟ್ಟಿ ಕ್ಲಚ್, ದೊಡ್ಡ ರೇಡಿಯೇಟರ್ ಬೇಕು. ಈ ಎಂಜಿನ್ ಮೂಲತಃ ಅಡ್ಡಲಾಗಿ ಕೂರುವ ಮಾದರಿಯ ಸಂತತಿಯಾದ್ದರಿಂದ ಇಲ್ಲಿ ಥರ್ಮೊಸ್ಟಾಟ್ ಮುಂಭಾಗಕ್ಕೆ ಬಂದು ಹಿಂದಿನ ಸಿಲಿಂಡರ್‌ಗಳಿಗೆ ತಂಪು ಕಡಿಮೆ. ಟರ್ಬೊ ಹಾಕುವವರು ಅನೇಕರು ನೀರಿನ ದಾರಿಯನ್ನೇ ಬದಲಾಯಿಸುತ್ತಾರೆ. ಆಟೊಕ್ರಾಸ್ (ಕೋನ್‌ಗಳ ನಡುವೆ ಸಮಯಕ್ಕೆ ಎದುರಾಗಿ ಓಡಿಸುವ ಸ್ಪರ್ಧೆ) ಅಥವಾ ಟ್ರ್ಯಾಕ್ ಬಯಕೆ ನಿಮಗಿದ್ದರೆ ಇವೆಲ್ಲಕ್ಕೂ ಮೊದಲು ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್, ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ದ್ರವ ಹಾಕಿ.

ಕೊವೆಂಟ್ರಿಯಿಂದ:

ಎಲ್ಲರಿಗೂ ಧನ್ಯವಾದ. ನೀರು ಸುರಿದು ನೋಡಿದೆ: ಬಲಗಡೆ ಸರಾಗವಾಗಿ ಹೋಯಿತು, ಎಡಗಡೆ ತೊಟ್ಟಿಕ್ಕಿತು. ಅಯಸ್ಕಾಂತ ಎರಡೂ ಕಡೆ ಹಿಡಿಯುತ್ತಿದೆ. ಪುಲ್ಲಿಯ ಸೀಳುಗಳು ಎಂಟು. ಈ ವರ್ಷ ಬೆಲ್ಟ್, ಬುಷ್, ಟೈರ್, ಇಷ್ಟಕ್ಕೆ ಕೈಹಾಕುತ್ತೇನೆ. ಪೆಟ್ರೋಲ್ ಮತ್ತು ವಿಮೆಯ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಲೆಸ್ಟರ್‌ನಿಂದ:

2021ರ ಸೆಪ್ಟೆಂಬರಿನಿಂದ ಇಲ್ಲಿನ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆತದ್ದು. ಈ ವಯಸ್ಸಿನ ಇಂಧನ ಕೊಳವೆ, ಸೀಲ್‌ಗಳಿಗೆ ಅಷ್ಟು ಎಥನಾಲ್ ಹಿತವಲ್ಲವಾದ್ದರಿಂದ ನಾನು ಸೂಪರ್ ಹೆಸರಿನಲ್ಲಿ ಸಿಗುವ ಇ5 ಪೆಟ್ರೋಲನ್ನೇ ಹಾಕುತ್ತೇನೆ, ವಿಶೇಷವಾಗಿ ಚಳಿಗಾಲದಲ್ಲಿ ಕಾರು ನಿಂತಿರುವಾಗ. ವಿಮೆಗೆ ಸಂಬಂಧಿಸಿದಂತೆ, ಚಕ್ರ ಬದಲಿಸಿದರೂ, ಸ್ಪ್ರಿಂಗ್ ಬದಲಿಸಿದರೂ, ಹಿಂದಿನ ಮಾಲೀಕರು ಹಾಕಿಸಿದ ಸೈಲೆನ್ಸರ್ ಇದ್ದರೂ ಎಲ್ಲವನ್ನೂ ಬರವಣಿಗೆಯಲ್ಲಿ ತಿಳಿಸಿ. ಹೇಳದೆ ಬಿಟ್ಟ ಮಾರ್ಪಾಡಿನ ನೆಪದಲ್ಲಿ ಪರಿಹಾರ ನಿರಾಕರಿಸಲು ಅವರಿಗೆ ದಾರಿಯಿದೆ. ಹಳೆಯ ಕಾರುಗಳ ವಿಮೆ ಮಾಡುವವರನ್ನು ಕೇಳಿದರೆ ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಸಿಗುತ್ತದೆ. ಅದಕ್ಕೆ ಸಿಲ್‌ಗಳ ಫೋಟೊ ಮತ್ತು ಬೆಲ್ಟಿನ ರಸೀದಿಯನ್ನು ಜೋಪಾನವಾಗಿ ಎತ್ತಿಡಿ. ಎಡಗಡೆಯ ಕೊಳವೆಗೆ ದಾರ ತೂರಿಸುವಾಗ ಕನ್ನಡಕ ಹಾಕಿಕೊಳ್ಳಿ, ಕಟ್ಟಿಕೊಂಡದ್ದೆಲ್ಲ ಒಮ್ಮೆಲೇ ಮುಖದ ಮೇಲೆ ಬೀಳುತ್ತದೆ.