ಮಳೆ ಪ್ರಕೃತಿಯದು, ದುರಂತದಲ್ಲಿ ನಮ್ಮ ಪಾಲೆಷ್ಟು?

ಪ್ರಶ್ನೆ

ಪ್ರವಾಹವೋ ಭೂಕುಸಿತವೋ ಸಂಭವಿಸಿದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಅಧಿಕಾರದಲ್ಲಿರುವವರು ಇಂಥ ಮಳೆ ಹಿಂದೆಂದೂ ಬಂದಿರಲಿಲ್ಲ ಎನ್ನುತ್ತಾರೆ. ಉಳಿದವರು ಕಾಡು ಕಡಿದದ್ದಕ್ಕೆ ಪ್ರಕೃತಿ ಸೇಡು ತೀರಿಸಿಕೊಂಡಿತು ಎನ್ನುತ್ತಾರೆ. ಎರಡರಿಂದಲೂ ನನಗೆ ಸಮಾಧಾನವಾಗುತ್ತಿಲ್ಲ. ಮೊದಲನೆಯ ಮಾತು ಹೊಣೆಯನ್ನೆಲ್ಲ ಆಕಾಶದ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತದೆ. ಎರಡನೆಯದು ಅದನ್ನು ಎಲ್ಲರಿಗೂ ಸಮನಾಗಿ ಹಂಚಿ, ಕೊನೆಗೆ ಯಾರೂ ಉತ್ತರ ಕೊಡಬೇಕಾಗದಂತೆ ಮಾಡುತ್ತದೆ. ಮನುಷ್ಯ ಹುಟ್ಟುವುದಕ್ಕೆ ಮೊದಲೂ ನದಿಗಳು ದಂಡೆ ಮೀರುತ್ತಿದ್ದವು, ಬೆಟ್ಟಗಳು ಜಾರುತ್ತಿದ್ದವು, ಭೂಮಿ ನಡುಗುತ್ತಿತ್ತು. ಹಾಗಿರುವಾಗ ಒಂದು ನಿರ್ದಿಷ್ಟ ದುರಂತದಲ್ಲಿ ನಮ್ಮ ನಿರ್ಲಕ್ಷ್ಯ ಯಾವ ದಾರಿಯಿಂದ ಒಳಬರುತ್ತದೆ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವೇ? ಭೂಕಂಪದಂಥ, ನಮ್ಮ ಕೈಮೀರಿದ ಘಟನೆಗೂ ಈ ಮಾತು ಅನ್ವಯಿಸುತ್ತದೆಯೇ? ತಿಳಿದವರು ಕಾರಣಗಳ ಸಮೇತ ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಗುಡ್ಡಗಾಡಿನ ರಸ್ತೆಗಳ ಇಳಿಜಾರುಗಳನ್ನು ಪರಿಶೀಲಿಸುವುದು ನನ್ನ ಕೆಲಸವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಇಳಿಜಾರನ್ನು ಹಿಡಿದು ನಿಲ್ಲಿಸುವುದು ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿಕೊಂಡಿರುವ ಹಿಡಿತ. ಆ ಕಣಗಳ ನಡುವೆ ನೀರು ತುಂಬಿ ಅದರ ಒತ್ತಡ ಏರಿದಾಗ ಹಿಡಿತ ಸಡಿಲವಾಗುತ್ತದೆ, ಒಂದು ಹಂತ ದಾಟಿದರೆ ಇಡೀ ಗುಡ್ಡದ ಮೈ ಕಳಚಿ ಬೀಳುತ್ತದೆ. ಮಳೆ ನೀರನ್ನು ಒಳಗೆ ಕಳಿಸುವುದು ಪ್ರಕೃತಿಯ ಕೆಲಸವೇ ಹೌದು. ಆದರೆ ರಸ್ತೆಗಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿದವರು, ಅಗೆದ ಮಣ್ಣನ್ನು ಸಾಗಿಸುವ ಖರ್ಚು ಉಳಿಸಲು ಕೆಳಗಿನ ಹಳ್ಳಕ್ಕೇ ಸುರಿದವರು, ಹತ್ತು ಕಡೆ ಹಂಚಿಹೋಗುತ್ತಿದ್ದ ತೊರೆಗಳನ್ನು ಒಂದೇ ಮೋರಿಗೆ ತಿರುಗಿಸಿದವರು ಮನುಷ್ಯರು.

ತಡೆಗೋಡೆ ಕಟ್ಟುವಾಗ ಹಿಂದಿನ ನೀರು ಬಸಿದುಹೋಗಲೆಂದು ಅದರಲ್ಲಿ ಸಾಲಾಗಿ ಕೊಳವೆಗಳನ್ನು ಇಡುತ್ತಾರೆ. ಕೆಲವೇ ವರ್ಷಗಳಲ್ಲಿ ಅವುಗಳ ಬಾಯಿ ಕೆಸರು, ಬೇರು, ಪ್ಲಾಸ್ಟಿಕ್ ಚೀಲಗಳಿಂದ ಮುಚ್ಚಿಕೊಳ್ಳುತ್ತದೆ. ಜೋರು ಮಳೆಯ ಮರುದಿನ ಆ ಕೊಳವೆಗಳಿಂದ ನೀರು ಸುರಿಯುತ್ತಿದ್ದರೆ ನನಗೆ ಸಮಾಧಾನ. ಸುತ್ತಲೂ ನೆಲ ತೊಯ್ದು ತೊಪ್ಪೆಯಾಗಿದ್ದರೂ ಕೊಳವೆಗಳು ಮಾತ್ರ ಒಣಗಿದ್ದರೆ ಎದೆ ಝಲ್ಲೆನ್ನುತ್ತದೆ, ಏಕೆಂದರೆ ನೀರು ಗೋಡೆಯ ಹಿಂದೆಯೇ ನಿಂತಿರುತ್ತದೆ. ಅವನ್ನು ಶುಚಿ ಮಾಡಲು ಒಬ್ಬ ಕೆಲಸಗಾರನೂ ಒಂದು ಕಬ್ಬಿಣದ ಸಲಾಕೆಯೂ ಸಾಕು. ಹಾಗಿದ್ದೂ ಆ ಕೆಲಸ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ, ಗೋಡೆ ಉರುಳಿದ ದಿನ ಮಾತ್ರ ಮಳೆಯ ಪ್ರಮಾಣ ಎಷ್ಟಿತ್ತೆಂಬ ಅಂಕಿ ಹೊರಬರುತ್ತದೆ.

ಇದೇ ನಿರ್ಲಕ್ಷ್ಯ ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆ ಎಂಬುದಕ್ಕೆ ಲಿಬಿಯಾದ ಡೆರ್ನಾ ನಗರವನ್ನು ನೋಡಬಹುದು. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಚಂಡಮಾರುತದ ಮಳೆಗೆ ನಗರದ ಮೇಲ್ಭಾಗದ ಎರಡು ಅಣೆಕಟ್ಟುಗಳು ರಾತ್ರೋರಾತ್ರಿ ಒಡೆದು, ಸಾವಿರಾರು ಜನರು ಸಮುದ್ರಕ್ಕೆ ಕೊಚ್ಚಿಹೋದರು. ಆ ಅಣೆಕಟ್ಟುಗಳು 1970ರ ದಶಕದವು. ಅವುಗಳಲ್ಲಿ ಬಿರುಕು ಕಾಣಿಸಿಕೊಂಡಿರುವುದು ಬಹಳ ಹಿಂದೆಯೇ ತಿಳಿದಿತ್ತು. ದೊಡ್ಡ ಪ್ರವಾಹ ಬಂದರೆ ಕಣಿವೆಯ ಜನರಿಗೆ ಅನಾಹುತ ತಪ್ಪದೆಂದು ಅಲ್ಲಿನ ತಜ್ಞರೊಬ್ಬರು 2022ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದರು. ಮನುಷ್ಯರಿಂದಾದ ತಾಪಮಾನ ಏರಿಕೆಗೆ ಬಿಸಿಯಾದ ಸಮುದ್ರ ಆ ಮಳೆಯನ್ನು ಹೆಚ್ಚಿಸಿತು ಎಂಬುದೂ ನಿಜ: ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. ಅಲ್ಲಿಗೆ ಒಂದೇ ರಾತ್ರಿಯ ದುರಂತದಲ್ಲಿ ನಮ್ಮ ನಿರ್ಲಕ್ಷ್ಯ ಎರಡು ದಾರಿಗಳಿಂದ ಒಳಬಂದಂತಾಯಿತು.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಕಾಡಿನ ಬಗ್ಗೆ ಮಾತ್ರ ನಾವು, ಅಂದರೆ ಪರಿಸರದ ಪರವಾಗಿ ಮಾತನಾಡುವವರು, ಇನ್ನಷ್ಟು ಖಚಿತವಾಗಿರಬೇಕು. ಬೇರುಗಳು ಮೇಲ್ಪದರದ ಮಣ್ಣನ್ನು ಹೆಣೆದು ಹಿಡಿಯುತ್ತವೆ, ಉದುರಿದ ಎಲೆಗಳ ಹಾಸು ನೀರನ್ನು ನಿಧಾನವಾಗಿ ಇಂಗಿಸುತ್ತದೆ. ಮರ ಕಡಿದ ತಕ್ಷಣಕ್ಕಿಂತ, ಕೆಲವು ವರ್ಷಗಳ ನಂತರ ಹಳೆಯ ಬೇರುಗಳು ಕೊಳೆತು ಹೊಸವು ಇನ್ನೂ ಬಲಿಯದಿರುವ ಅವಧಿಯಲ್ಲಿ ಇಳಿಜಾರು ಅತಿ ದುರ್ಬಲವಾಗಿರುತ್ತದೆ. ಆದ್ದರಿಂದಲೇ ಕಡಿದವನಿಗೂ ಕುಸಿತಕ್ಕೂ ಸಂಬಂಧವಿಲ್ಲವೆಂದು ವಾದಿಸುವುದು ಸುಲಭವಾಗುತ್ತದೆ. ಆದರೆ ದಿನಗಟ್ಟಲೆ ಸುರಿದು ನೆಲವೆಲ್ಲ ನೆನೆದ ಮೇಲೆ ಕಾಡು ಕೂಡ ಹೆಚ್ಚಿನ ನೀರನ್ನು ಹಿಡಿದಿಡಲಾರದು, ಬೇರಿಗೂ ನಿಲುಕದ ಆಳದಲ್ಲಿ ಬಂಡೆಯೇ ಜಾರಿದರೆ ಮರಗಳೂ ಅದರೊಂದಿಗೆ ಜಾರುತ್ತವೆ. ಸಣ್ಣ ಮತ್ತು ಮಧ್ಯಮ ಪ್ರವಾಹಗಳನ್ನು ಕಾಡು ಸ್ಪಷ್ಟವಾಗಿ ತಗ್ಗಿಸುತ್ತದೆ, ಅತಿ ದೊಡ್ಡವನ್ನು ತಡೆಯುತ್ತದೆಂದು ಭರವಸೆ ಕೊಡಬಾರದು.

ಹೈಟಿ ದೇಶದ ಗೊನಾಯೀವ್ ನಗರದ ಉದಾಹರಣೆಯಲ್ಲಿ ಎಳೆಗಳು ಹೇಗೆ ಹೆಣೆದುಕೊಂಡಿರುತ್ತವೆ ಎಂಬುದು ಕಾಣುತ್ತದೆ. 2004ರ ಸೆಪ್ಟೆಂಬರ್‌ನಲ್ಲಿ ಜೀನ್ ಚಂಡಮಾರುತದ ಮಳೆ ಬೋಳು ಗುಡ್ಡಗಳಿಂದ ಕೆಸರಾಗಿ ಇಳಿದು, ಹೈಟಿಯಲ್ಲಿ ಸುಮಾರು 3,000 ಜನರು ಸತ್ತರು. ಚಂಡಮಾರುತ ನೇರವಾಗಿ ಅಪ್ಪಳಿಸಿದ್ದು ಅದೇ ದ್ವೀಪದ ಇನ್ನೊಂದು ದೇಶವಾದ ಡೊಮಿನಿಕನ್ ಗಣರಾಜ್ಯಕ್ಕೆ, ಆದರೆ ಅಲ್ಲಿನ ಸಾವು ಇದರ ತೀರಾ ಸಣ್ಣ ಅಂಶ. ಅಲ್ಲಿ ಕಾಡು ಹೆಚ್ಚು ಉಳಿದಿತ್ತು ಎಂಬುದು ಒಂದು ಕಾರಣವೇ ಹೊರತು ಏಕೈಕ ಕಾರಣವಲ್ಲ. ಹೈಟಿಯಲ್ಲಿ ಮುನ್ನೆಚ್ಚರಿಕೆ ಜನರನ್ನು ತಲುಪುತ್ತಿರಲಿಲ್ಲ, ಬಡವರು ನೀರು ಹರಿಯುವ ಬಯಲಿನಲ್ಲೇ ಮನೆ ಕಟ್ಟಿಕೊಂಡಿದ್ದರು, ಒಲೆಗೆ ಇದ್ದಿಲನ್ನು ಬಿಟ್ಟರೆ ಅವರಿಗೆ ಬೇರೆ ಇಂಧನವಿರಲಿಲ್ಲ. ಹೊಟ್ಟೆಪಾಡಿಗಾಗಿ ಮರ ಕಡಿದವರನ್ನು ನಿರ್ಲಕ್ಷ್ಯದ ಆರೋಪಿಗಳೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ಇನ್ನು ಭೂಕಂಪ. ಭೂಫಲಕಗಳ ಚಲನೆಯ ಮೇಲೆ ನಮ್ಮ ನಿಯಂತ್ರಣವಿಲ್ಲ, ಆದರೆ ಜನರನ್ನು ಕೊಲ್ಲುವುದು ಬಹುಪಾಲು ಕುಸಿಯುವ ಕಟ್ಟಡ. ಪೋರ್ಚುಗಲ್‌ನ ಲಿಸ್ಬನ್ ನಗರದ 1755ರ ಭೂಕಂಪದ ನಂತರ ತತ್ವಜ್ಞಾನಿ ರೂಸೋ ಲೇಖಕ ವಾಲ್ಟೇರ್‌ಗೆ ಬರೆದ ಪತ್ರದಲ್ಲಿ, ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂಬ ಮಾತನ್ನು ಎತ್ತಿದ್ದ.

ನಮ್ಮ ಕೈವಾಡವೇ ಪ್ರಧಾನವಾದ ಪ್ರಕರಣಗಳೂ ಇವೆ. ಇಟಲಿಯ ವಾಯೋಂಟ್ ಕಣಿವೆಯಲ್ಲಿ ಸುಮಾರು 260 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ನೀರು ತುಂಬಿಸತೊಡಗಿದಾಗ ಪಕ್ಕದ ಟೋಕ್ ಬೆಟ್ಟದ ಮೈ ನಿಧಾನವಾಗಿ ಸರಿಯತೊಡಗಿತು. 1960ರಲ್ಲೇ ಒಂದು ಸಣ್ಣ ಕುಸಿತವಾಗಿ, ಬೆಟ್ಟದ ಮೇಲೆ ಎರಡು ಕಿಲೋಮೀಟರ್ ಉದ್ದದ ಬಿರುಕು ಬಾಯಿಬಿಟ್ಟಿತ್ತು. ನೀರಿನ ಮಟ್ಟವನ್ನು ಏರಿಸಿ ಇಳಿಸಿ ಜಾರುವಿಕೆಯನ್ನು ಹತೋಟಿಯಲ್ಲಿಡಬಹುದೆಂದು ನಂಬಿ ಕೆಲಸ ಮುಂದುವರಿಸಿದರು. ಕೊನೆಯ ದಿನಗಳಲ್ಲಿ ಬೆಟ್ಟ ದಿನಕ್ಕೆ ಸುಮಾರು 20 ಸೆಂಟಿಮೀಟರ್ ಸರಿಯುತ್ತಿತ್ತು. 1963ರ ಅಕ್ಟೋಬರ್ 9ರ ರಾತ್ರಿ 26 ಕೋಟಿ ಘನ ಮೀಟರಿಗೂ ಹೆಚ್ಚು ಕಲ್ಲುಮಣ್ಣು ಜಲಾಶಯಕ್ಕೆ ಬಿದ್ದು, ಉಕ್ಕಿದ ಅಲೆ ಅಣೆಕಟ್ಟನ್ನು ದಾಟಿ ಲಾಂಗರೋನೆ ಪಟ್ಟಣವನ್ನು ಅಳಿಸಿಹಾಕಿತು, ಸುಮಾರು 2,000 ಜನರು ಸತ್ತರು. ಅಣೆಕಟ್ಟು ಇಂದಿಗೂ ಗಟ್ಟಿಯಾಗಿ ನಿಂತಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಡೆರ್ನಾದಲ್ಲೂ ವಾಯೋಂಟ್‌ನಲ್ಲೂ ಅಪಾಯ ಮೊದಲೇ ಗೊತ್ತಿತ್ತು ಎಂಬುದನ್ನು ಓದಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ತಿಳಿವಳಿಕೆ ಇದ್ದೂ ಅದು ನಿರ್ಧಾರವಾಗಿ ಬದಲಾಗದಿರುವುದು ಏಕೆ? ಬದಲಾದ ಉದಾಹರಣೆಗಳು ಇವೆಯೇ?

ಮೂರನೆಯ ಉತ್ತರ

ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ, ಲಾಭ ಪಡೆಯುವವರು ಒಂದು ಕಡೆ, ನಷ್ಟ ಹೊರುವವರು ಇನ್ನೊಂದು ಕಡೆ ಇರುವುದು. ಲಾಭ ಈ ವರ್ಷವೇ ಕೈಸೇರುತ್ತದೆ, ನಷ್ಟ ಒಂದೆರಡು ತಲೆಮಾರು ಕಳೆದು ಬರುತ್ತದೆ. ಅಮೆರಿಕದ ಲೂಸಿಯಾನಾ ರಾಜ್ಯ 1930ರ ದಶಕದಿಂದೀಚೆಗೆ ಸುಮಾರು 5,000 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಳೆದುಕೊಂಡಿದೆ. ಮಿಸಿಸಿಪ್ಪಿ ನದಿಗೆ ಏರಿ ಕಟ್ಟಿದ್ದರಿಂದ ಹೂಳು ಜೌಗುನೆಲಕ್ಕೆ ಹರಡುವುದು ನಿಂತಿತು, ತೈಲಕ್ಕಾಗಿ ತೋಡಿದ ಕಾಲುವೆಗಳಿಂದ ಉಪ್ಪುನೀರು ಒಳನುಗ್ಗಿ ಹುಲ್ಲು ಸತ್ತಿತು, ಬೇರಿನ ಹಿಡಿತ ತಪ್ಪಿದ ನೆಲ ಕರಗಿತು. ಒಂದೊಂದು ಕಾಲುವೆಯೂ ಕಾನೂನುಬದ್ಧವೇ ಆಗಿದ್ದಿರಬಹುದು, ಒಂದೊಂದರ ಹಾನಿಯೂ ಲೆಕ್ಕಕ್ಕೆ ಬಾರದಷ್ಟು ಸಣ್ಣದು. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಸಮುದ್ರದ ಅಬ್ಬರಕ್ಕೂ ನ್ಯೂ ಆರ್ಲಿಯನ್ಸ್ ನಗರಕ್ಕೂ ನಡುವೆ ಇರಬೇಕಾಗಿದ್ದ ಜೌಗುನೆಲದ ಎಷ್ಟೋ ಭಾಗ ಇರಲಿಲ್ಲ. ಏರಿಗಳ ವಿನ್ಯಾಸದಲ್ಲೇ ದೋಷಗಳಿದ್ದವು ಎಂಬುದನ್ನೂ ಇಲ್ಲಿ ಸೇರಿಸಬೇಕು.

ತಿಳಿವಳಿಕೆ ನಿರ್ಧಾರವಾದ ಉದಾಹರಣೆಗಳು ಖಂಡಿತ ಇವೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಟೋಕಿಯೊದ ತಗ್ಗು ಪ್ರದೇಶಗಳು ಕೆಲವೆಡೆ ನಾಲ್ಕು ಮೀಟರಿನಷ್ಟು ಕುಸಿದಿದ್ದವು. 1960 ಮತ್ತು 70ರ ದಶಕಗಳಲ್ಲಿ ಕೊಳವೆಬಾವಿಗಳ ಮೇಲೆ ಬಿಗಿಯಾದ ನಿರ್ಬಂಧ ಹೇರಿದ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು. ಕುಸಿದ ನೆಲ ಮತ್ತೆ ಮೇಲೇಳಲಿಲ್ಲ, ಇಂದಿಗೂ ಅಲ್ಲಿ ಏರಿ ಮತ್ತು ಪಂಪುಗಳ ಕಾವಲು ಬೇಕು. ಅದೇ ಕಾರಣಕ್ಕೆ ನೆಲ ಕುಸಿಯುತ್ತಿರುವ ಜಕಾರ್ತಾದಲ್ಲಿ ನಳದ ನೀರು ಎಲ್ಲರನ್ನೂ ತಲುಪದಿರುವುದರಿಂದ, ಬಾವಿ ನಿಲ್ಲಿಸಿ ಎಂದಷ್ಟೇ ಹೇಳಿದರೆ ಸಾಲದಾಗಿದೆ.

ನೆದರ್‌ಲ್ಯಾಂಡ್ಸ್‌ನಲ್ಲಿ 1995ರಲ್ಲಿ ನದಿಗಳು ಉಕ್ಕಿ ಸುಮಾರು 2,50,000 ಜನರನ್ನು ಸ್ಥಳಾಂತರಿಸಬೇಕಾಯಿತು. ನೂರಾರು ವರ್ಷ ಏರಿಗಳನ್ನು ಎತ್ತರಿಸುತ್ತಲೇ ಬಂದಿದ್ದ ಆ ದೇಶ, ಆಮೇಲೆ ನದಿಗೇ ಜಾಗ ಬಿಟ್ಟುಕೊಡುವ ಯೋಜನೆಯನ್ನು 30ಕ್ಕೂ ಹೆಚ್ಚು ಕಡೆಗಳಲ್ಲಿ ಜಾರಿಗೆ ತಂದಿತು. ನೈಮೇಗನ್ ನಗರದ ಬಳಿ ಏರಿಯನ್ನು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ನದಿಗೆ ಇನ್ನೊಂದು ಕವಲು ತೋಡಿದರು. ಅದಕ್ಕಾಗಿ ಸುಮಾರು 50 ಮನೆಗಳನ್ನು ಕೆಡವಬೇಕಾಯಿತು. ಅಲ್ಲಿನವರು ವಿರೋಧಿಸಿದರು, ಮಾತುಕತೆ ವರ್ಷಗಟ್ಟಲೆ ನಡೆಯಿತು, ಕೊನೆಗೆ ಪರಿಹಾರ ಪಡೆದು ತೆರಳಿದರು. ನಷ್ಟ ಹೊರುವವರು ಯಾರು, ಎಷ್ಟು ಎಂಬುದು ಅಲ್ಲಿ ನೀರು ಬರುವ ಮೊದಲೇ ಮೇಜಿನ ಮೇಲೆ ಚರ್ಚೆಯಾಯಿತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನೀವು ಒಂದು ದುರಂತದ ವರದಿಯನ್ನು ಓದುವಾಗ ಮಳೆಯ ಅಂಕಿಯ ಜೊತೆಗೆ ಇನ್ನೆರಡು ದಾಖಲೆಗಳನ್ನು ಹುಡುಕಿರಿ: ಆ ಜಾಗದಲ್ಲಿ ಕಟ್ಟಲು, ಅಗೆಯಲು ಅಥವಾ ಕಡಿಯಲು ಅನುಮತಿ ಕೊಟ್ಟ ಆದೇಶ, ಮತ್ತು ಅಲ್ಲಿನ ಕೊನೆಯ ಸುರಕ್ಷತಾ ತಪಾಸಣೆಯ ವರದಿ. ನೀವು ಕೇಳಿದ ಪಾಲಿನ ಲೆಕ್ಕವನ್ನು ಆ ಎರಡರ ದಿನಾಂಕ ಮತ್ತು ಸಹಿಗಳಿಂದ ಆರಂಭಿಸಬಹುದು.