ಡೆಂಡ್ರಿಟಿಕ್ ಕೋಶಗಳು ಏನೂ ಉಣಿಸದೆಯೇ ಪಕ್ವವಾಗುತ್ತಿವೆ, ದಯವಿಟ್ಟು ಸಹಾಯ ಮಾಡಿ

ಕೋಲಾರದ_ಕೋಶ: ಡೆಂಡ್ರಿಟಿಕ್ ಕೋಶಗಳ (ರೋಗಾಣುವನ್ನು ನುಂಗಿ ಅದರ ತುಣುಕನ್ನು ರೋಗನಿರೋಧಕ ವ್ಯವಸ್ಥೆಗೆ ತೋರಿಸುವ ಕೋಶಗಳು) ಕಲ್ಚರ್ ಮೂರನೆಯ ಬಾರಿಯೂ ಕೆಟ್ಟಿತು. ಇಲಿಯ ಮೂಳೆಮಜ್ಜೆ, ಅದನ್ನು ಈ ಕೋಶಗಳಾಗಿ ಬೆಳೆಸುವ ಪ್ರೋಟೀನ್ ಜಿಎಂ-ಸಿಎಸ್‌ಎಫ್, ಎಲ್ಲವೂ ಸರಿಯಾಗಿದೆ. ಆರನೆಯ ದಿನ ಕೊಂದ ನ್ಯೂಮೋಕಾಕಸ್ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಉಣಿಸಿ, ಆ ಕೋಶಗಳನ್ನೇ ಇಲಿಗಳಿಗೆ ಲಸಿಕೆಯಾಗಿ ಚುಚ್ಚಬೇಕು. ಆದರೆ ಏನೂ ಉಣಿಸದ ಕಂಟ್ರೋಲ್ ವೆಲ್‌ಗಳಲ್ಲೂ ಪಕ್ವತೆಯ ಗುರುತಾದ ಸಿಡಿ86 ಏರಿ ಕುಳಿತಿದೆ. ಸೋಮವಾರ ಗೈಡ್‌ಗೆ ಏನು ತೋರಿಸಲಿ?

ಶಿರಾ_ಇನ್ವರ್ಟರ್: ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿದೆ. ಬೇರೇನಿಲ್ಲ.

ಕೋಲಾರದ_ಕೋಶ: ಯುಪಿಎಸ್ ಇದೆ. 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್.

ಶಿರಾ_ಇನ್ವರ್ಟರ್: ಯುಪಿಎಸ್ ಇದೆ ಎನ್ನುವವರೇ ಕೆಡುವುದು. ನಾನು 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಕೂರಿಸಿದ್ದೇನೆ, ಬೆಳಗಿನವರೆಗೂ ಮುಳ್ಳು ಅಲುಗುವುದಿಲ್ಲ.

ಮಾಲೂರು_ಮೈಕ್ರೋ: ಕೋಲಾರದ ನೀರಿನ ಫ್ಲೋರೈಡ್ ಮರೆತಿರಾ? ಈಗಂತೂ ಬೆಂಗಳೂರಿನ ಸಂಸ್ಕರಿತ ಕೊಳಚೆ, ಆ ಕೆ.ಸಿ. ವ್ಯಾಲಿ ನೀರು ಬೇರೆ.

ಬೇತಮಂಗಲ: ಕೆ.ಸಿ. ವ್ಯಾಲಿ ನೀರು ಹರಿಯುವುದು ಕೆರೆಗಳಿಗೆ, ಪ್ರಯೋಗಾಲಯದ ನಲ್ಲಿಗಲ್ಲ. ಎಲ್ಲದಕ್ಕೂ ಅದನ್ನು ಎಳೆದು ತರಬೇಡಿ.

ಮಾಲೂರು_ಮೈಕ್ರೋ: ಕೆರೆ ತುಂಬಿದರೆ ಬೋರ್‌ವೆಲ್‌ಗೆ ಇಳಿಯುವುದಿಲ್ಲವೇ? ಆ ಯೋಜನೆ ಮಾಡಿದ್ದೇ ಅಂತರ್ಜಲಕ್ಕೆ!

ನಂದಿ_ತಪ್ಪಲು: ಕೆರೆ ಜಗಳ ಆಮೇಲೆ. ಕೋಶ ಬೆಳೆಸುವ ಮೀಡಿಯಂ ಪುಡಿಯನ್ನು ಯಾವ ನೀರಿನಲ್ಲಿ ಕರಗಿಸುತ್ತೀರಿ?

ಕೋಲಾರದ_ಕೋಶ: ವಿಭಾಗದ ಡಿಸ್ಟಿಲ್ಡ್ ನೀರು, 20 ಲೀಟರ್ ಕ್ಯಾನಿನದು. ನೀರನ್ನು ಆಟೋಕ್ಲೇವ್ ಮಾಡಿ, ಮೀಡಿಯಂ ಅನ್ನು 0.22 ಮೈಕ್ರಾನ್‌ನಲ್ಲಿ ಸೋಸುತ್ತೇನೆ. ಇದನ್ನೂ ಹೇಳಬೇಕೇ?

ನಂದಿ_ತಪ್ಪಲು: ಇದನ್ನೇ ಮೊದಲು ಹೇಳಬೇಕಿತ್ತು. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಎಂಡೋಟಾಕ್ಸಿನ್ (ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ, ಇದು ತಗುಲಿದರೆ ಡೆಂಡ್ರಿಟಿಕ್ ಕೋಶ ಪಕ್ವವಾಗುತ್ತದೆ) ಹಾಗೆಯೇ ಉಳಿಯುತ್ತದೆ, ಫಿಲ್ಟರ್‌ನಲ್ಲೂ ನುಸುಳುತ್ತದೆ. ಗಾಜಿನ ಪಾತ್ರೆಗಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಬೇಕು. ನ್ಯೂಮೋಕಾಕಸ್ ಗ್ರಾಂ ಪಾಸಿಟಿವ್, ಅದರಲ್ಲಿ ಎಂಡೋಟಾಕ್ಸಿನ್ ಇಲ್ಲವೇ ಇಲ್ಲ. ಅಂದಮೇಲೆ ಅದು ಹೊರಗಿನಿಂದಲೇ ಬರಬೇಕು. ಮೊದಲೇ ಪಕ್ವವಾದ ಕೋಶ ಹೊಸ ಆಂಟಿಜೆನ್ ನುಂಗುವುದೂ ಕಡಿಮೆ. ಒಂದು ವೆಲ್‌ಗೆ ಪಾಲಿಮಿಕ್ಸಿನ್ ಬಿ ಹಾಕಿ ನೋಡಿ, ಅದು ಎಂಡೋಟಾಕ್ಸಿನ್ನಿಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ.

ಶಿರಾ_ಇನ್ವರ್ಟರ್: ಆದರೂ ರಾತ್ರಿಯ ತಾಪಮಾನದ ದಾಖಲೆ ಹಾಕಿ.

ಮಾಲೂರು_ಮೈಕ್ರೋ: ನಾನು ಆಗಲೇ ನೀರು ಎಂದೆ.

ಬೇತಮಂಗಲ: ನೀವು ಹೇಳಿದ್ದು ಫ್ಲೋರೈಡ್.

ಕೋಲಾರದ_ಕೋಶ: ಎಂಟು ದಿನ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ಪಾಲಿಮಿಕ್ಸಿನ್ ಹಾಕಿದ ವೆಲ್‌ಗಳಲ್ಲಿ ಸಿಡಿ86 ಇಳಿದಿದೆ. ಕ್ಯಾನಿನ ಕುತ್ತಿಗೆಯೊಳಗೆ ಬೆರಳಾಡಿಸಿದರೆ ಗಂಜಿಯಂತೆ ಲೋಳೆ ಅಂಟಿತು. ಎಂಡೋಟಾಕ್ಸಿನ್ ಪರೀಕ್ಷೆಯಾದ ನೀರಿಗೆ ಬರೆದಿದ್ದೇನೆ. ಗೈಡ್ ದರಪಟ್ಟಿ ನೋಡಿ ಇನ್ನೂ ಮಾತನಾಡಿಲ್ಲ.

ಶಿರಾ_ಇನ್ವರ್ಟರ್: ಕ್ಯಾನಿನ ನೀರು ಚೆಲ್ಲಬೇಡಿ. ಬ್ಯಾಟರಿಗೆ ಆಗುತ್ತದೆ.