ಪದಚರ್ಚೆ: ಕ್ಯಾನ್ಸರ್‌ನಲ್ಲಿ ಮೈ ಸವೆಯುವುದಕ್ಕೆ, ಊಟ ಸೇರದಿರುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಬಂದವರು ಯಾಕೆ ಅಷ್ಟೊಂದು ಸೊರಗುತ್ತಾರೆ, ಇಲಿಗಳ ಮೇಲಿನ ಪ್ರಯೋಗಗಳಿಂದ ಅದರ ಬಗ್ಗೆ ಏನು ತಿಳಿದಿದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ನಮ್ಮ ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರು. ಚಿಕಿತ್ಸೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಾಡುವ ಮನೆಯವರು. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ಕ್ಯಾಕೆಕ್ಸಿಯಾ, ಅಂದರೆ ಕ್ಯಾನ್ಸರ್‌ನಂಥ ಕಾಯಿಲೆಯಲ್ಲಿ ಮೈ ಸವೆಯುತ್ತಾ ಹೋಗುವುದು. ‘ಕ್ಷಯ’ ಅಂದರೆ ಜನ ಟಿಬಿ ಅಂದುಕೊಳ್ಳುತ್ತಾರೆ. ‘ಸೊರಗು ರೋಗ’ ಅಂದರೆ ನಮ್ಮಲ್ಲಿ ಕಾಳುಮೆಣಸಿನ ಬಳ್ಳಿಯದು. ‘ಮೈ ಕರಗಿತು’ ಅಂತಾರಲ್ವಾ, ಅದು ಚೆನ್ನಾಗಿದೆ. ಆದರೆ ಕೇಳಿದವರಿಗೆ ಕೊಬ್ಬು ಕರಗಿದ ಹಾಗೆ ಅನಿಸುತ್ತದೆ. ವೈದ್ಯರು 2011ರಲ್ಲಿ ಒಪ್ಪಿಕೊಂಡ ವಿವರಣೆಯಲ್ಲಿ ಸ್ನಾಯು ಕರಗುವುದೇ ಮುಖ್ಯ. ಕೊಬ್ಬು ಇಳಿಯಬಹುದು, ಇಳಿಯದೆಯೂ ಇರಬಹುದು. ಆರು ತಿಂಗಳಲ್ಲಿ ತೂಕ ಶೇಕಡಾ 5ಕ್ಕಿಂತ ಜಾಸ್ತಿ ಇಳಿಯುವುದು ಅದರ ಒಂದು ಗುರುತು. ಬರೀ ಊಟ ಹೆಚ್ಚಿಸಿ ಇದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ ಎಂದೂ ಅದರಲ್ಲಿದೆ. ನಾನು ಸದ್ಯಕ್ಕೆ ‘ಮೈಸವೆತ’ ಎಂದು ಬರೆದಿದ್ದೇನೆ.

ಈ ಪದದಲ್ಲಿ ಊಟದ ಸುಳಿವು ಇರಬಾರದು ಅನ್ನುವುದು ನನ್ನ ಹಟ. ‘ಸರಿಯಾಗಿ ಉಣ್ಣದೆ ಹೀಗಾಯ್ತು’ ಎಂದು ಮನೆಯಲ್ಲಿ ಹೇಳುತ್ತಾರೆ. ಗಂಜಿಯನ್ನಾದರೂ ಕುಡಿ ಎಂದು ಒತ್ತಾಯಿಸುತ್ತಾರೆ. ಕಾಯಿಲೆಯವರಿಗೂ ನೋವು, ಬಡಿಸುವವರಿಗೂ ನೋವು. ಉಣ್ಣದಿರುವುದು ಬೇರೆ, ಸವೆಯುವುದು ಬೇರೆ ಎಂಬುದನ್ನು ಬಿಡಿಸಿ ತೋರಿಸಿದ್ದರಲ್ಲಿ ಇಲಿಗಳ ಪ್ರಯೋಗಕ್ಕೆ ದೊಡ್ಡ ಪಾಲಿದೆ. ಸಿ26 ಎಂಬ ಕರುಳಿನ ಕ್ಯಾನ್ಸರ್ ಜೀವಕೋಶಗಳನ್ನು ಬಿಳಿ ಇಲಿಗಳ ಚರ್ಮದಡಿಗೆ ಚುಚ್ಚುತ್ತಾರೆ. ಎರಡು ಮೂರು ವಾರದಲ್ಲಿ ಅವು ಬಡಕಲಾಗುತ್ತವೆ. ಗಡ್ಡೆಯ ತೂಕವನ್ನು ಕಳೆದೇ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ತಕ್ಕಡಿ ಮೋಸ ಮಾಡುತ್ತದೆ. ಜೊತೆಗೆ ಆರೋಗ್ಯದ ಇಲಿಗಳ ಇನ್ನೊಂದು ಗುಂಪನ್ನು ಸಾಕುತ್ತಾರೆ. ಕಾಯಿಲೆಯ ಇಲಿ ಎಷ್ಟು ತಿಂದಿತೋ ಇವುಗಳಿಗೂ ಅಷ್ಟೇ ಅಳೆದು ಹಾಕುತ್ತಾರೆ. ತಿನ್ನುವುದು ಒಂದೇ ಆದರೂ ಕಾಯಿಲೆಯ ಇಲಿಯ ಸ್ನಾಯು ಜಾಸ್ತಿ ಕರಗಿದರೆ, ಅದಕ್ಕೆ ಊಟ ಕಮ್ಮಿಯಾದದ್ದೊಂದೇ ಕಾರಣ ಅಲ್ಲ ಎಂದಾಯಿತು. ಹಲವು ಪ್ರಯೋಗಗಳಲ್ಲಿ ಹಾಗೇ ಆಗಿದೆ.

ಹಾಗಂತ ಹಸಿವಿನ ಮಾತು ಸಣ್ಣದಲ್ಲ. ಅದಕ್ಕೆ ಪದ ಹುಡುಕುವುದು ಇನ್ನೂ ಕಷ್ಟ. ‘ಹಸಿವಿಲ್ಲ’, ‘ಬಾಯಿರುಚಿ ಕೆಟ್ಟಿದೆ’, ‘ಊಟ ಸೇರೋದಿಲ್ಲ’ ಈ ಮೂರೂ ನನಗೆ ಒಂದೇ ಅನಿಸುವುದಿಲ್ಲ. ‘ಅರುಚಿ’ ನಾಲಿಗೆಯ ಮಾತು. ಆದರೆ ಹಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಹೆಚ್ಚಾಗುವ ಜಿಡಿಎಫ್15 ಎಂಬ ಪ್ರೋಟೀನ್ ಕೆಲಸ ಮಾಡುವುದು ಮಿದುಳಿನ ಬುಡದಲ್ಲಿ. ಅಲ್ಲಿ ಅದು ಅಂಟಿಕೊಳ್ಳುವ ಜಾಗ ಗೊತ್ತಾದದ್ದು 2017ರಲ್ಲಿ. ಅದು ಹಸಿವನ್ನು ಅಡಗಿಸುತ್ತದೆ, ಹೊಟ್ಟೆಯನ್ನೂ ತೊಳಸುತ್ತದೆ. ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ತೊಳಸಿದರೆ ದೊಡ್ಡ ಜಾತಿಯ ಇಲಿಗಳು ಬಿಳಿ ಜೇಡಿಮಣ್ಣು ತಿನ್ನುತ್ತವೆ. ಎಷ್ಟು ಮಣ್ಣು ತಿಂದಿತು ಎಂದು ತೂಗಿ ಸಂಕಟವನ್ನು ಅಂದಾಜು ಮಾಡುತ್ತಾರೆ. ಹಸಿವು ಸತ್ತದ್ದು, ಅನ್ನ ಕಂಡರೆ ಬೇಡ ಅನಿಸುವುದು, ಎರಡೂ ‘ಊಟ ಸೇರದಿರುವುದು’ ಎಂಬುದರಲ್ಲಿ ಬರುತ್ತವೆ. ಅದಕ್ಕೇ ನನಗೆ ಇದೇ ಸರಿ ಅನಿಸುತ್ತದೆ. ಲೇಖನಕ್ಕೆ ಇದು ತೀರಾ ಆಡುಮಾತಾಯಿತೇ?

ಮತ್ತೆ, ಇಂಗ್ಲಿಷಿನಲ್ಲಿ ‘ಅನಿಮಲ್ ಮಾಡೆಲ್’ ಅನ್ನುವ ಇಂಥ ಪ್ರಯೋಗದ ಇಲಿಗಳನ್ನು ಕರೆಯುವುದು ಹೇಗೆ? ‘ಮಾದರಿ ಪ್ರಾಣಿ’ ಅಂದರೆ ಮಾದರಿ ಶಾಲೆಯ ಹಾಗೆ, ಬೇರೆಯವರು ನೋಡಿ ಕಲಿಯಬೇಕಾದ ಪ್ರಾಣಿ ಎಂದಾಗುತ್ತದೆ. ‘ಪ್ರಾಣಿ ಮಾದರಿ’ ಅಂದರೆ ಮಣ್ಣಿನಲ್ಲಿ ಮಾಡಿಟ್ಟ ಗೊಂಬೆ. ಸಿ26 ತರಹದ್ದಕ್ಕೆ ‘ಗಡ್ಡೆ ಕಸಿ ಮಾಡಿದ ಇಲಿ’ ಎಂದು ಬರೆದಿದ್ದೇನೆ. ಕಸಿ ಎಲ್ಲರಿಗೂ ಗೊತ್ತು. ಜೀನ್ ಬದಲಿಸಿ, ಮೇದೋಜೀರಕದಲ್ಲಿ ತಾನಾಗಿಯೇ ಕ್ಯಾನ್ಸರ್ ಹುಟ್ಟುವಂತೆ ಮಾಡಿದ ಇಲಿಗಳೂ ಇವೆ. ಅವಕ್ಕೆ ಆ ಹೆಸರು ಹೊಂದುವುದಿಲ್ಲ. ಎರಡಕ್ಕೂ ಸೇರಿ ‘ರೋಗ ಬರಿಸಿದ ಇಲಿ’ ಅನ್ನಬಹುದೇನೋ.

ಕೊನೆಯದಾಗಿ, ಕಾಯಿಲೆಯ ಇಲಿ ತಿಂದಷ್ಟನ್ನೇ ಆರೋಗ್ಯದ ಇಲಿಗೂ ಅಳೆದು ಹಾಕುವ ಆ ಕ್ರಮಕ್ಕೆ (ಇಂಗ್ಲಿಷಿನಲ್ಲಿ ‘ಪೇರ್ ಫೀಡಿಂಗ್’) ಒಂದು ಹೆಸರು ಬೇಕು. ‘ಜೋಡಿ ಊಟ’ ಅಂದರೆ ಇಬ್ಬರು ಒಟ್ಟಿಗೆ ಕೂತು ಉಂಡ ಹಾಗೆ ಕೇಳುತ್ತದೆ. ‘ಸರಿಯಳತೆಯ ಊಟ’ ಎಂದು ಯೋಚಿಸಿದ್ದೇನೆ. ಕೊಟ್ಟಿಗೆಯಲ್ಲಿ ಒಂದು ದನದ ಲೆಕ್ಕ ನೋಡಿ ಇನ್ನೊಂದಕ್ಕೆ ಹಿಂಡಿ ಹಾಕುವುದಕ್ಕೆ ನಿಮ್ಮ ಕಡೆ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.